ಐದರ ಪಕ್ಕದ ಕುಂಕುಮ

ಹುಬ್ಬಳ್ಳಿಯಲ್ಲಿ ರೈಲು ಚಾಲಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ನಮ್ಮಲ್ಲಿ ಇಂಜಿನ್ನಿನ ಒಳಭಾಗದ ಒಂದು ನಕಲು ಇದೆ. ಹಳೇ ಮುಳ್ಳಿನ ಮೀಟರುಗಳು ಹೋಗಿ ಅದಕ್ಕೀಗ ಪರದೆ ಬಂದಿದೆ. ಪರದೆಯಲ್ಲಿ ಒಂಬತ್ತು ಅಂಕಿ, ಎಲ್ಲವೂ ಒಂದೇ ಗಾತ್ರ, ಒಂದೇ ಹಸಿರು. ಅವುಗಳಲ್ಲಿ ಬ್ರೇಕಿನ ಗಾಳಿಯ ಒತ್ತಡ ಐದಕ್ಕೆ ನಿಂತಿರಬೇಕು. ಇಳಿದರೆ ತಕ್ಷಣ ಗಾಡಿ ನಿಲ್ಲಿಸಬೇಕು. ಜೀವ ಕಾಯುವ ಅಂಕಿಯನ್ನೂ ಉಳಿದವುಗಳ ಜೊತೆ ಗುಂಪಿನಲ್ಲಿ ಗೋವಿಂದ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸುಳ್ಳ ಎಂಬ ಊರಿನ ಹಿರಿಯ ಚಾಲಕರೊಬ್ಬರು ತರಬೇತಿಗೆ ಬಂದರು. ಪಾಸಾಗದಿದ್ದರೆ ಇಂಜಿನ್ ಬಿಡಿಸಿ ಕಚೇರಿಯಲ್ಲಿ ಕೂರಿಸುತ್ತಾರೆ. "ಫೈಲಿನ ಮುಂದ ಕುಂದರ್ಸಿದ್ರ ನಾ ಸತ್ತಂಗ ರೀ, ಅಕ್ಕಾರ" ಎನ್ನುತ್ತಿದ್ದರು. ದಿನವೂ ಕೂರುವ ಮುಂಚೆ ಕಿಸೆಯಿಂದ ಕುಂಕುಮದ ಪೊಟ್ಟಣ ತೆಗೆದು, ಪರದೆಗೊಂದು ಬೊಟ್ಟಿಟ್ಟು ಕೈಮುಗಿಯುತ್ತಿದ್ದರು. ವಾರವಿಡೀ ಒಂದೂ ತಪ್ಪು ಮಾಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬೊಟ್ಟಿಟ್ಟು ನೀರು ಕುಡಿಯಲು ಹೋದರು. ಪರೀಕ್ಷೆ ಮಾಡುವ ಸಾಹೇಬರು ಬರುತ್ತಾರೆ, ಪರದೆ ಚೊಕ್ಕಟ ಇರಲಿ ಎಂದು ನಾನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. ನಮ್ಮದು ಚರ್ಚಿಗೆ ಹೋಗುವ ಮನೆತನ. ಪೂಜೆ ಮುಗಿಯಿತಲ್ಲ, ಇನ್ನೇಕೆ ಎಂದುಕೊಂಡೆ.

ಅವರು ಮರಳುವಷ್ಟರಲ್ಲಿ ಸಾಹೇಬರು ಬಂದು ಪರೀಕ್ಷೆ ಶುರು ಮಾಡಿಬಿಟ್ಟರು. ನಡುವೆ ಗಾಳಿ ಇಳಿಯಿತು. ಚಾಲಕರ ಕಣ್ಣು ಪರದೆಯ ತುಂಬ ಅಲೆದಾಡಿತು. ಬ್ರೇಕ್ ಹಾಕುವಷ್ಟರಲ್ಲಿ ಹೊತ್ತು ಮೀರಿತ್ತು. ಆಗ ನನಗೆ ಹೊಳೆಯಿತು, ಅವರು ದಿನವೂ ಬೊಟ್ಟಿಡುತ್ತಿದ್ದುದು ಆ ಐದರ ಪಕ್ಕದಲ್ಲೇ. ಅವರ ಕಣ್ಣು ಹುಡುಕಿದ್ದು ಆ ಕೆಂಪನ್ನು.

"ಏನಾತ್ರೀ?" ಎಂದರು ಸಾಹೇಬರು.

"ನಂದ ಕಣ್ಣು ತಪ್ಪಿತ್ರಿ ಸಾಹೇಬರ."

ನಾನು ಬಾಯಿ ಬಿಡಲಿಲ್ಲ. ನೌಕರಿಯ ಹೆದರಿಕೆ, ಮತ್ತೇನಿಲ್ಲ. ಆ ಮೌನ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ವಾರದ ನಂತರ ಅವರಿಗೆ ಇನ್ನೊಂದು ಅವಕಾಶ ಸಿಕ್ಕಿತು, ಅದೇ ಕೊನೆಯದು. ಹಿಂದಿನ ದಿನ ಗಬ್ಬೂರಿನ ನಮ್ಮ ಮನೆಯ ಹತ್ತಿರದ ಅಂಗಡಿಯಲ್ಲಿ ಕೆಂಪು ಟಿಕಳಿ ಕೇಳಿದೆ. ನಮ್ಮ ಮನೆಯ ಹೆಂಗಸರು ಹಣೆಗಿಡುವುದಿಲ್ಲವೆಂದು ಅಂಗಡಿಯಾಕೆಗೆ ಗೊತ್ತು.

"ಯಾರಿಗ್ರಿ ಟೀಚರ್?"

"ರೈಲಿಗ್ರಿ" ಎಂದೆ. ಆಕೆ ಬಿದ್ದು ಬಿದ್ದು ನಕ್ಕಳು.

ಮರುದಿನ ಸಾಹೇಬರಿಗೆ ಹೇಳಿ ಒಪ್ಪಿಸಿ, ಐದರ ಪಕ್ಕ ಟಿಕಳಿ ಅಂಟಿಸಿದೆ. ಚಾಲಕರು ಅದನ್ನು ನೋಡಿ, ಕೈಮುಗಿದು ಕೂತರು. ಈ ಸಲ ಗಾಳಿ ಇಳಿಯುತ್ತಿದ್ದಂತೆ ಅವರ ಕೈ ಬ್ರೇಕಿನ ಮೇಲಿತ್ತು. ಪಾಸಾದರು. ನನಗೆ ಅಳು ಬಂತು.

ಹೊರಗೆ ಚಹಾದಂಗಡಿಯಲ್ಲಿ ಕೊನೆಗೂ ಹೇಳಿದೆ: "ಕಾಕಾ, ಅವತ್ತು ಕುಂಕುಮ ಒರಸಿದಾಕಿ ನಾನ."

ಅವರು ಬಸಿಗೆ ಚಹಾ ಸುರುವಿಕೊಂಡು ಊದಿದರು.

"ಗೊತ್ತಿತ್ತ ಬಿಡವಾ. ನಿನ್ನ ಕೈಯಾಗಿನ ಅರಿವಿ ಕೆಂಪಾಗಿತ್ತಲ್ಲ."