ಆರು ವಾರ ಪುಡಿಹಾಲು

ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಮಲದಲ್ಲಿ ರಕ್ತ ಬರತೊಡಗಿತು. ಅತ್ತೆ "ಬಟ್ಟಿ ಬಿದ್ದೈತಿ, ಹೊಕ್ಕುಳ ಸರದೈತಿ" ಎಂದು ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಂದರು. ನಾನು ಶಾಲೆಯ ಟೀಚರು, ಮನೆಯಲ್ಲೂ ನನ್ನದೇ ಜೋರು. ಗಂಗಾವತಿಯಿಂದ ಕೊಪ್ಪಳ, ಅಲ್ಲಿಂದ ಹುಬ್ಬಳ್ಳಿ ಎಂದು ಕೂಸನ್ನು ಹೊತ್ತು ತಿರುಗಿದೆ. ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು ಕರುಳಿನ ಉರಿಯೂತ ಎಂದರು.

"ಆರು ವಾರ ಕರುಳಿನ ರೋಗಕ್ಕಂತನ ಮಾಡಿದ ಈ ಪುಡಿಹಾಲು, ನೀರು ಅಷ್ಟ. ಬ್ಯಾರೆ ಒಂದು ಅಗಳೂ ಬ್ಯಾಡ್ರಿ. ಇದಕ್ಕ ಬಗ್ಗಲಿಲ್ಲಂದ್ರ ಸ್ಟೀರಾಯ್ಡ್ ಸುರು ಮಾಡಬೇಕಾಗ್ತದ."

ನಮ್ಮ ಕಡೆ ಯಾರು ಉಣ್ಣಲು ಕೂತರೂ ಎದುರು ಬಂದ ಕೂಸಿನ ಬಾಯಿಗೇ ಮೊದಲ ತುತ್ತು. ಕೊಡದೆ ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ. ನನಗೆ ಅತ್ತೆಯ ಕೈಯದೇ ಭಯ. "ನಿಮ್ಮ ಪ್ರೀತಿ ಸ್ವಲ್ಪ ಕಟ್ಟಿ ಇಡ್ರಿ" ಎಂದು ಚುಚ್ಚಿದೆ. ಅಂದಿನಿಂದ ಅವರು ತಾಟು ಹಿಡಿದು ಹಿತ್ತಲಿಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ಉಣ್ಣತೊಡಗಿದರು.

ಹದಿನೆಂಟನೆಯ ದಿನ ಬೆಳಿಗ್ಗೆ ಶಾಲೆಗೆ ಹೋಗಲು ಆನೆಗೊಂದಿಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅಡುಗೆಮನೆಯಲ್ಲಿ ನಿಂತೇ ಅನ್ನ ಸಾರು ಉಣ್ಣುತ್ತಿದ್ದೆ. ಮಗಳು ಬಂದು ಬಾಯಿ ತೆರೆದಳು. ನನ್ನ ಕೈ ತಾನಾಗಿ ಹೋಯಿತು. ಅವಳು ನುಂಗಿದ ಮೇಲೆ ನನಗೆ ಎಚ್ಚರ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೂಸಿನ ಬಾಯಿ ಒರೆಸಿ ಎತ್ತಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹುಬ್ಬಳ್ಳಿಯಲ್ಲಿ ತಪಾಸಣೆ, ಅತ್ತೆಯೂ ಜೊತೆಗಿದ್ದರು. "ಬ್ಯಾರೆ ಏನರ ತಿನಿಸೀರೇನು?" ಎಂದು ಡಾಕ್ಟರು ಕೇಳಿದಾಗ ನಾನು ಫೈಲಿನ ಹಾಳೆ ತಿರುವತೊಡಗಿದೆ.

"ನಾನ ಒಂದ್ ತುತ್ತು ಹಾಕೀನ್ರಿ. ಮುದುಕಿ, ತಿಳೀಲಿಲ್ಲ" ಎಂದರು ಅತ್ತೆ. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಅವರೇ ಕೇಳಿಸಿಕೊಂಡರು. ನಾನು ಸುಮ್ಮನಿದ್ದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಆರು ವಾರ ಮುಗಿಯುವ ಹೊತ್ತಿಗೆ ರಕ್ತ ನಿಂತಿತ್ತು, ತೂಕ ಏರಿತ್ತು. ರೋಗ ಪೂರ್ತಿ ಹೋಗುವಂಥದ್ದಲ್ಲ, ಔಷಧಿ ಇಂದಿಗೂ ನಡೆದಿದೆ. ಆದರೆ ಸ್ಟೀರಾಯ್ಡ್ ತಪ್ಪಿತು. ಮೆತ್ತಗಿನ ಅನ್ನ ಸುರು ಮಾಡಿ ಎಂದ ಡಾಕ್ಟರು, "ಅಜ್ಜಿ ಕೈಯಾಗ ಮಾತ್ರ ತಾಟು ಕೊಡಬ್ಯಾಡ್ರಿ" ಎಂದು ನಕ್ಕರು. ಅತ್ತೆಯೂ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಅವತ್ತು ತಿನಿಸಿದಾಕಿ ನಾನ್ರಿ."

ಅತ್ತೆ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ಹೊರಗೆ ಬಂದ ಮೇಲೆ, "ಮುಗದಿದ್ದನ್ನ ಯಾಕ ಕೆದಕಿದಿ?" ಎಂದು ಸಿಟ್ಟಾದರು.

ಮನೆಗೆ ಬಂದು ಅನ್ನ ಮೆತ್ತಗೆ ಕಿವುಚಿ ತಾಟಿಗೆ ಹಾಕಿ ಅತ್ತೆಯ ಕೈಗಿತ್ತೆ. ಅವರು ತಮ್ಮ ಊಟವೆಂದುಕೊಂಡು ರೂಢಿಯಂತೆ ತಾಟು ಹಿಡಿದು ಹಿತ್ತಲಿಗೆ ಹೊರಟರು. ನಾನು ಓಡಿ ಹೋಗಿ ಕೈ ಹಿಡಿದೆ.

"ಇಲ್ಲೇ ಕುಂದರ್ರಿ ಅತ್ತಿ. ಕೂಸು ಬಾಯಿ ತಕ್ಕೊಂಡು ನಿಂತೈತಿ."