ಮಂಜಿಯ ಕಥೆಗೆ ಹೂಂ ಹಾಕಿದವರು

ಬಾಡ ಎಂಬ ಊರಿನ ಶಾಲೆಯಲ್ಲಿ ಪಾಠ ಹೇಳುವ ಸುಮತಿ ಅಕ್ಕೋರ ಹತ್ತಿರ ಜಗಳ ಮಾಡಿ ಗೆದ್ದವರಿಲ್ಲ. ಗೆಲ್ಲಬೇಕೆಂದರೆ ಜಗಳವನ್ನು ಅವರ ಪಟ್ಟಿಯ ಹತ್ತಿರ ಮಾಡಬೇಕು. ಇದು ಏಳನೇ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಮಾತು.

ಪಟ್ಟಿ ಅಂದರೆ ಬೇರೇನಲ್ಲ. ಯಾವ ಚಟುವಟಿಕೆಗೆ ಗ್ರೇಡ್ ಕೊಡುವುದಿದ್ದರೂ ಅಕ್ಕೋರು ಮೊದಲು ಒಂದು ದೊಡ್ಡ ಕಾಗದದ ಮೇಲೆ ನಾಲ್ಕು ಮೆಟ್ಟಿಲು ಬರೆದು ಗೋಡೆಗೆ ಅಂಟಿಸುವರು. ಏನು ಮಾಡಿದರೆ ಮೊದಲ ಮೆಟ್ಟಿಲು, ಏನು ಮಾಡಿದರೆ ನಾಲ್ಕನೆಯದು, ಎಲ್ಲ ಅದರಲ್ಲಿ ಇರುತ್ತಿತ್ತು. ಮಗು ಎಲ್ಲಿ ಮುಟ್ಟಿತೋ ಅದೇ ಅದರ ಗ್ರೇಡ್. ಕ್ಲಾಸಿಗೆ ಕ್ಲಾಸೇ ಮೇಲೆ ಹತ್ತಿ ನಿಂತರೂ ಸರಿ, ಎಲ್ಲರೂ ಕೆಳಗೇ ಉಳಿದರೂ ಸರಿ. ‘ನನ್ನದು ತಪ್ಪಾಗಿದೆ’ ಅನ್ನಿಸಿದವರು ಎದ್ದು, ಯಾವ ಗೆರೆ ತಪ್ಪು ಎಂದು ತೋರಿಸಬಹುದು.

ಅಕ್ಕೋರಿಗೆ ಈ ಹುಚ್ಚು ಹಿಡಿದದ್ದಕ್ಕೂ ಕಾರಣವಿತ್ತು. ಅವರು ಹಳದೀಪುರದಲ್ಲಿ ಚಿಕ್ಕವರಿದ್ದಾಗ, ಪ್ರಬಂಧಕ್ಕೆ ಇಷ್ಟೇ ಯಾಕೆ ಮಾರ್ಕು ಎಂದು ಕೇಳಿದ್ದಕ್ಕೆ ಮಾಸ್ತರು “ನಿಂಗೆ ಅಷ್ಟೇ” ಎಂದು ಮಾರ್ಕಿನ ಪುಸ್ತಕವನ್ನು ಮಡಚಿ ಹೋಗಿದ್ದರಂತೆ. ಆ “ಅಷ್ಟೇ” ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಇತ್ತು.

ಮೀನು ಹಿಡಿಯುವ ದಿನಕರನೂ ಒಂದು ಕಾಲಕ್ಕೆ ಅಕ್ಕೋರ ಕೈಯಲ್ಲೇ ಕಲಿತವನು. ಈಗ ಅವನ ಮಗಳು ಅಂಕಿತಾ ಏಳನೇ ಕ್ಲಾಸು. ಪಾಲಕರ ಸಭೆಗೆ ಬಂದವನು ಗ್ರೇಡ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಅಕ್ಕೋರೆ, ನಮ್ಮ ಹುಡ್ಗಿ ಎಷ್ಟನೇ ನಂಬರು?”

“ನಂಬರಿಲ್ಲೋ. ಇದೆಂತ ದೋಣಿ ರೇಸಾ?”

“ನಂಬರಿಲ್ದೆ ಹುಷಾರಿದ್ದಾಳೋ ಇಲ್ವೋ ಹ್ಯಾಂಗೆ ತಿಳಿಯೂದು?”

“ನೀನು ದೋಣಿ ನೀರಿಗೆ ಇಳಿಸೂಕಿಂತ ಮುಂಚೆ ಎಂತ ನೋಡ್ತೆ?”

“ಸೋರ್ತದಾ ಅಂತ ನೋಡೂದು.”

“ಪಕ್ಕದವನ ದೋಣಿಗಿಂತ ಕಮ್ಮಿ ಸೋರ್ತದೆ ಅಂತ ಇಳಿಸ್ತ್ಯಾ?”

ದಿನಕರ ತಲೆ ಕೆರೆದುಕೊಂಡು ನಕ್ಕ. ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಅಂಕಿತಾ ಮತ್ತು ಅವಳ ಗೆಳತಿ ಮಂಜಿ ಕಿಸಕ್ಕೆಂದರು. ಆದರೂ ದಿನಕರ ಹೋಗುವಾಗ “ಹಂಗಾದ್ರೂ ಸುಮಾರು ಎಷ್ಟನೇದು?” ಎಂದು ಕೇಳಿಯೇ ಹೋದ.

ಮಂಜಿ ಗದ್ದೆ ಕಡೆಯ ಹುಡುಗಿ. ಅವಳ ಮನೆಯವರು ಭತ್ತ ಬೆಳೆದು, ಬೇಸಿಗೆಯಲ್ಲಿ ಸೌತೆ, ಹರಿವೆ ಸೊಪ್ಪು ಹಾಕುವವರು. ಅಜ್ಜಿ ಬಂಗಾರಿಯ ಬಾಯಲ್ಲಿ ಹಾಡು, ಕಥೆ ಮುಗಿಯುವುದೇ ಇಲ್ಲ. ಮೊಮ್ಮಗಳೂ ಹಾಗೇ. ಆ ವರ್ಷ ಕುಮಟೆಯಲ್ಲಿ ತಾಲೂಕಿನ ಕಥೆ ಹೇಳುವ ಸ್ಪರ್ಧೆ ಇತ್ತು. ನಾಲ್ಕನೇ ಮೆಟ್ಟಿಲು ಮುಟ್ಟಿದವರು ಹೋಗಬಹುದು ಎಂದು ಅಕ್ಕೋರು ಸಾರಿದ್ದರು. ಮಂಜಿಗೆ ಹೋಗಲೇಬೇಕಿತ್ತು. ಗದ್ದೆಯ ಬದುವಿನ ಮೇಲೆ ನಡೆಯುವಾಗಲೂ ಅವಳು ಕಥೆಯನ್ನೇ ಗುನುಗುತ್ತಿದ್ದಳು.

ಗೋಡೆಯ ಮೇಲೆ ಅಕ್ಕಪಕ್ಕ ಎರಡು ಪಟ್ಟಿ ಬಂದವು. ಒಂದು ಹೇಳುವವರಿಗೆ: ಎಲ್ಲರಿಗೂ ಕೇಳುವ ದನಿ ಬೇಕು, ಕ್ರಮ ತಪ್ಪಬಾರದು, ಅರ್ಧಕ್ಕೆ ನಿಲ್ಲಿಸಬಾರದು. ಇನ್ನೊಂದು ಕೇಳುವವರಿಗೆ: ಪೂರ್ತಿ ಮುಗಿಯುವ ತನಕ ಸದ್ದಿಲ್ಲದೆ ಕೂರಬೇಕು.

ಮಂಜಿ ಮುಂದೆ ಬಂದು ನಿಂತಳು.

“ಒಂದೂರಲ್ಲಿ ಒಂದು ಸೌತೆಬಳ್ಳಿ ಇತ್ತಂತೆ.”

ನಿಲ್ಲಿಸಿದಳು. ಕ್ಲಾಸು ಗಪ್‌ಚಿಪ್. ಅವಳು ಅಂಕಿತಾಳ ಮುಖ ನೋಡಿದಳು. ಅಂಕಿತಾ ಗ್ರೇಡಿನ ಆಸೆಗೆ ತುಟಿ ಬಿಗಿದು ಕೂತಿದ್ದಳು.

“ಆ ಬಳ್ಳಿಗೆ ಸಮುದ್ರ ನೋಡೂ ಆಸೆ ಆತಂತೆ.”

ಮತ್ತೆ ನಿಂತಳು. ಯಾರೂ ಮಿಸುಕಲಿಲ್ಲ. ಹೊರಗೆ ಕಾಗೆಯೊಂದು ಕೂಗಿತು, ಅಷ್ಟೇ. ಮಂಜಿಯ ಕಣ್ಣು ತುಂಬಿತು. ಬಳ್ಳಿಯನ್ನು ಗದ್ದೆಯಲ್ಲೇ ಬಿಟ್ಟು ಹೋಗಿ ಕುಳಿತುಬಿಟ್ಟಳು. ಹೆದರಿಕೊಂಡಳು ಪಾಪ ಎಂದುಕೊಂಡ ಅಕ್ಕೋರು, ಪಟ್ಟಿ ನೋಡಿ ಮೊದಲ ಮೆಟ್ಟಿಲು ಬರೆದರು. ಕುಮಟೆಯ ದಾರಿ ಅಲ್ಲಿಗೆ ಮುಚ್ಚಿತು.

ಊಟದ ಬಿಡುವಿನಲ್ಲಿ ಅಂಕಿತಾ ಬೈದಳು. “ಮನೇಲಿ ಬಾಯಿ ಮುಚ್ಚೂದಿಲ್ಲ, ಇಲ್ಲಿ ಎಂತಾಯ್ತೇ ನಿಂಗೆ?”

“ನೀವು ಯಾರೂ ಹೂಂ ಅನ್ಲೇ ಇಲ್ಲ. ಮತ್ತೆ ಕಥೆ ಹ್ಯಾಂಗೆ ಮುಂದೆ ಹೋಗ್ತದೆ?”

“ಹೌದನೇ? ಇದ್ನ ನನ್ಹತ್ರ ಹೇಳಿ ಎಂತ ಆಗೂದುಂಟು? ಪಟ್ಟಿ ಹತ್ರ ಹೇಳು, ನಡಿ!”

ಹಾಗೆ ಮಧ್ಯಾಹ್ನ ಮಂಜಿ ಎದ್ದು ನಿಂತು ಗೋಡೆಗೆ ಬೆರಳು ತೋರಿಸಿದಳು. “ಅಕ್ಕೋರೆ, ‘ಅರ್ಧಕ್ಕೆ ನಿಲ್ಲಿಸಬಾರದು’ ಅಂತ ಉಂಟಲ್ಲ, ಆ ಗೆರೆ ತಪ್ಪು. ನಾನು ನಿಲ್ಸಿದ್ದಲ್ಲ. ಇವ್ರು ಹೂಂ ಹಾಕ್ಲಿಲ್ಲ. ನಮ್ಮನೇಲಿ ಹೂಂ ನಿಂತ್ರೆ ಎಲ್ಲರಿಗೂ ನಿದ್ದೆ ಬಂತು ಅಂತ. ಅಜ್ಜಿ ಕಥೆ ಅಲ್ಲಿಗೇ ಬಿಟ್ಟು ಮಲಗ್ತದೆ.”

ಅಂಕಿತಾ ಕೂತಲ್ಲಿಂದಲೇ ಸೇರಿಸಿದಳು. “ನಾವು ಹೂಂ ಅಂದ್ರೆ ನಮ್ಮ ಗ್ರೇಡ್ ಹೋಗ್ತದಲ್ಲ ಅಕ್ಕೋರೆ! ಸದ್ದು ಮಾಡೂಕಿಲ್ಲ ಅಂತ ನೀವೇ ಬರ್ದಿದ್ದು.”

ಅಕ್ಕೋರು ಒಂದು ಪಟ್ಟಿ ಓದಿದರು, ಇನ್ನೊಂದು ಓದಿದರು. ಎರಡೂ ಅವರದೇ ಅಕ್ಷರ. ಕುರ್ಚಿಯಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಎದ್ದು ‘ಸದ್ದಿಲ್ಲದೆ’ ಎಂಬುದನ್ನು ಹೊಡೆದುಹಾಕಿ ‘ಕೇಳುತ್ತಿದ್ದೇವೆ ಎಂದು ಹೇಳುವವರಿಗೆ ತಿಳಿಯುವಂತೆ’ ಎಂದು ಬರೆದರು.

“ಪಟ್ಟಿ ತಿದ್ದಿದ್ದಾತು. ಆದ್ರೆ ಮೆಟ್ಟಿಲು ಪುಕ್ಕಟೆ ಸಿಗೂದಿಲ್ಲ ಮಂಜಿ. ಪೂರ್ತಿ ಹೇಳು, ನೋಡುವಾ.”

“ಒಂದೂರಲ್ಲಿ ಒಂದು ಸೌತೆಬಳ್ಳಿ ಇತ್ತಂತೆ.”

“ಹೂಂ!” ಇಡೀ ಕ್ಲಾಸು ಬೋಟಿನ ಭೋಂಕಾರದಂತೆ ಕೂಗಿತು. ಪಕ್ಕದ ಕ್ಲಾಸಿನವರು ಇಣುಕಿದರು.

“ಅಷ್ಟು ದೊಡ್ಡಕ್ಕಲ್ರೋ,” ಎಂದಳು ಮಂಜಿ. “ನಿದ್ದೆ ಬಂದಿಲ್ಲ ಅಂತ ತಿಳಿದ್ರೆ ಸಾಕು.”

ಅಂದು ಬಳ್ಳಿ ಗದ್ದೆ ದಾಟಿತು, ಹೆದ್ದಾರಿಯಲ್ಲಿ ಬಸ್ಸು ಹೋಗುವ ತನಕ ಕಾದಿತು, ತೆಂಗಿನ ಬುಡಗಳನ್ನು ಸುತ್ತಿ ಸುತ್ತಿ ಸಮುದ್ರ ಮುಟ್ಟಿತು. ಮಂಜಿ ನಾಲ್ಕನೇ ಮೆಟ್ಟಿಲು ಮುಟ್ಟಿದಳು.

ಕುಮಟೆಯಲ್ಲಿ ಅಕ್ಕೋರು ಮುಂದಿನ ಸಾಲಿನಲ್ಲೇ ಜಾಗ ಹಿಡಿದರು. ಮಂಜಿ ಶುರುಮಾಡಿ ಮೊದಲ ಸಲ ನಿಂತಳು. ಅಕ್ಕೋರು “ಹೂಂ” ಎಂದರು. ತೀರ್ಪುಗಾರರು ಕನ್ನಡಕದ ಮೇಲಿಂದ ನೋಡಿದರು.

“ಟೀಚರ್, ಸಹಾಯ ಮಾಡುವ ಹಾಗಿಲ್ಲ.”

“ಸಹಾಯ ಅಲ್ಲ ಸರ್. ಕೇಳ್ತಾ ಇದ್ದೆ.”

“ಕೇಳುವುದಾದರೆ ಸುಮ್ಮನೆ ಕೇಳಿ.”

ಅಕ್ಕೋರು ಸೆರಗನ್ನು ಬಾಯಿಗೊತ್ತಿಕೊಂಡರು. ಸಭಾಂಗಣ ತಣ್ಣಗಾಯಿತು. ಮಂಜಿ ನಿಂತೇ ಇದ್ದಳು. ಬಳ್ಳಿ ಇನ್ನೂ ಗದ್ದೆಯಲ್ಲೇ ಸಿಕ್ಕಿಕೊಂಡಿತ್ತು. ಮಂಜಿ ಮೆಲ್ಲಗೆ ತೀರ್ಪುಗಾರರ ಕಡೆಗೇ ತಿರುಗಿದಳು.

“ಸರ್, ಹಂಗಾದ್ರೆ ಹೂಂ ನೀವೇ ಹಾಕ್ತ್ರಾ? ಇಲ್ಲಾಂದ್ರೆ ಬಳ್ಳಿ ಇಲ್ಲೇ ಒಣಗ್ತದೆ.”

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಪೆನ್ನು ಹಿಡಿದು ಕೂತಿದ್ದ ತೀರ್ಪುಗಾರರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು “ಹೂಂ” ಎಂದರು. ಆಮೇಲೆ ಅವರಿಗೆ ಬರೆಯಲು ಪುರುಸೊತ್ತೇ ಆಗಲಿಲ್ಲ. ಬಳ್ಳಿಯ ಕಾಲಿಗೆ ಉಪ್ಪುನೀರು ತಾಗುವ ಹೊತ್ತಿಗೆ ಅವರ ಹೂಂ ಎಲ್ಲರಿಗಿಂತ ಮುಂದಿತ್ತು.

ಸಂಜೆ ಬಾಡದಲ್ಲಿ ಬಸ್ಸಿಳಿದಾಗ ದಿನಕರ ಬಲೆ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

“ಎಂತಾಯ್ತೇ ಮಂಜಿ? ಎಷ್ಟನೇ ನಂಬರು?”

ಅಕ್ಕೋರು ಬಾಯಿ ತೆರೆಯುವ ಮುಂಚೆಯೇ ಮಂಜಿ ಹೇಳಿದಳು.

“ಸೋರಲಿಲ್ಲ ದಿನಕರ ಮಾವ.”