ಬಿಚ್ಚುವುದನ್ನು ಕಲಿಸುವ ಟೈಲರಕ್ಕ

ಬೆಳಗಿನ ಐದೂವರೆ. ಹೊಳೆಯ ಸೊಂಟಮಟ್ಟದ ನೀರಿನಲ್ಲಿ ನಿಂತಿರುವ ಐವತ್ತೆರಡರ ಹೆಂಗಸು ಎದುರಿಗಿರುವ ಆರಡಿ ಗಂಡಸಿನ ತೇಲುಜಾಕೆಟ್ಟಿನ ಎದೆಪಟ್ಟಿಗೆ ಕೈ ಹಾಕುತ್ತಾಳೆ. ಬೆರಳಿಗೆ ಒಂದು ಗಂಟು ಸಿಗುತ್ತದೆ.

"ಇದೇನು ಮೇಷ್ಟ್ರೇ?"

"ಸೇಫ್ಟಿಗೆ ಇರ್ಲಿ ಅಂತ ಒಂದು ಗಂಟು ಜಾಸ್ತಿ ಹಾಕ್ದೆ ಅಕ್ಕ."

"ಯಾರ ಸೇಫ್ಟಿಗೆ, ಹೊಳೇದಾ? ಬಿಚ್ಚಿ."

ದಡದಲ್ಲಿ ಸಾಲಾಗಿ ನಿಂತ ಹನ್ನೊಂದು ಜನ ನಗುತ್ತಾರೆ. ಆಕೆ ನಗುವುದಿಲ್ಲ.

ಇವರೆಲ್ಲ ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಸಂಬಳವಿಲ್ಲದೆ ಇಳಿಸಿ ತರುವವರು. ಮೇಷ್ಟರು, ಎಲೆಕ್ಟ್ರಿಷಿಯನ್, ಬಸ್ ಡ್ರೈವರ್. ಮಳೆಗಾಲದಲ್ಲಿ ಇದೇ ಜನ ಹೊಳೆಗೂ ಇಳಿಯಬೇಕು. ತೊಡಕಿರುವುದು ಅಲ್ಲೇ. ಬೆಟ್ಟದಲ್ಲಿ ಹಗ್ಗ ಬಿಚ್ಚಿಕೊಂಡರೆ ಸಾವು. ಸೆಳವಿನಲ್ಲಿ ಬಿಚ್ಚಿಕೊಳ್ಳದಿದ್ದರೆ ಸಾವು. ಬಿಗಿದ ಹಗ್ಗ ಮನುಷ್ಯನನ್ನು ನಿಂತಲ್ಲೇ ಹಿಡಿಯುತ್ತದೆ, ಹಿಂದಿನಿಂದ ಬರುವ ನೀರು ಹೆಗಲೇರಿ ತುಳಿಯುತ್ತದೆ. ಅದಕ್ಕೇ ಈ ಜಾಕೆಟ್ಟಿನ ಎದೆಯ ಮೇಲೆ ಕೆಂಪು ಗುಂಡೊಂದಿದೆ. ಎಳೆದರೆ ಪಟ್ಟಿ ಕಳಚಿ, ಬೆನ್ನಿನ ಹಗ್ಗ ಜಾರಿಹೋಗುತ್ತದೆ. ಆದರೆ ಇಪ್ಪತ್ತು ವರ್ಷ ಬೆಟ್ಟ ಹತ್ತಿದ ಕೈ ಸುಮ್ಮನಿರುವುದಿಲ್ಲ. ಪಟ್ಟಿಯ ತುದಿಗೆ ಒಂದು ಗಂಟು ಬಿಗಿದೇ ಬಿಡುತ್ತದೆ. ಆಮೇಲೆ ಗುಂಡು ಎಳೆದರೂ ಒಂದೇ, ಬಿಟ್ಟರೂ ಒಂದೇ.

ಇವರಿಗೆ ಕಲಿಸುವ ಈ ಟೈಲರಕ್ಕನ ಗಂಡ ಸತ್ತದ್ದು ಹಾಗೆಯೇ, ಹತ್ತೊಂಬತ್ತು ವರ್ಷದ ಹಿಂದೆ. ಆಗ ಇಂಥ ಜಾಕೆಟ್ ಇರಲಿಲ್ಲ. ನಡುನೀರಿನಲ್ಲಿ ಸಿಕ್ಕಿಬಿದ್ದ ಇಬ್ಬರನ್ನು ತರಲು ಆತ ಹೊರಟಾಗ, ಎದೆಗೆ ಹಗ್ಗ ಸುತ್ತಿ ಬೆಟ್ಟದ ಗಂಟು ಬಿಗಿದವಳು ಈಕೆಯೇ.

"ಎರಡು ಸಲ ಜಗ್ಗಿ ನೋಡ್ದೆ. ಇದು ಬಿಚ್ಚಲ್ಲ, ಧೈರ್ಯವಾಗಿ ಹೋಗ್ರಿ ಅಂದೆ. ಬಿಚ್ಚಲಿಲ್ಲ."

ದಡದಲ್ಲಿ ಹಗ್ಗ ಹಿಡಿದಿದ್ದವನು ಮೈದುನ. ಈಗ ತಂಡದ ಮುಖ್ಯಸ್ಥ. "ನಾನು ಬಿಟ್ಟಿದ್ರೆ ಅಣ್ಣ ಬದುಕ್ತಿದ್ದ. ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆ ನನ್ನ ಒಂದು ಮಾತೂ ಅನ್ಲಿಲ್ಲ, ಅನ್ನಬೇಕಿತ್ತು," ಎನ್ನುತ್ತಾನೆ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಈಕೆ ಗಂಡ ಸತ್ತು ವರ್ಷ ತುಂಬುವ ಮೊದಲೇ ನೀರಿಗಿಳಿದಳು. ದೂರದ ತರಬೇತಿ ಶಿಬಿರದಲ್ಲಿ ಹರಿದ ಜಾಕೆಟ್ ಹೊಲಿದುಕೊಡುತ್ತಲೇ ಕಲಿತಳು. ಹೆದರಿಕೆ ಆಗಲಿಲ್ಲವೇ ಎಂದರೆ, "ಊರಿಗೆ ಬಂದೋಳು ನೀರಿಗೆ ಬರದೇ ಇರಕ್ಕಾಗುತ್ತಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಬಸ್ ನಿಲ್ದಾಣದ ಎದುರು ಹತ್ತಡಿಯ ಅಂಗಡಿ, ಒಂದು ಮಿಷನ್ನು, ರಿಪೇರಿಗೆ ಬಂದ ಡೇರೆಗಳು. ಒಂಬತ್ತಕ್ಕೆ ಬಾಗಿಲು ತೆಗೆಯುವ ಮೊದಲು ಹೊಳೆಯಲ್ಲಿ ಮೂರು ತಾಸು. ಒಬ್ಬೊಬ್ಬರೂ ಕೊಚ್ಚಿಹೋಗುವವರ ಕೈಗೆ ಸಿಗುವಂತೆ ಹಗ್ಗದ ಚೀಲವನ್ನು ನಲವತ್ತು ಸಲ ಎಸೆಯಬೇಕು. ಸೆಳವಿನಲ್ಲಿ ತೂಗಾಡುತ್ತ ಹತ್ತು ಸಲ ಗುಂಡು ಎಳೆಯಬೇಕು. ಇದುವರೆಗೆ ಮುನ್ನೂರ ನಲವತ್ತು ಜನ ಕಲಿತಿದ್ದಾರೆ. ಅವರಲ್ಲಿ ಯಾರನ್ನೂ ಹೊಳೆ ಒಯ್ದಿಲ್ಲ.

ಈಗ ತಾಲ್ಲೂಕು ಕಚೇರಿಯಿಂದ ಪತ್ರ ಬಂದಿದೆ. ಹೊಳೆಯಲ್ಲಿ ತರಬೇತಿ ಅಪಾಯವಂತೆ. ಕಲಿಸುವವರಿಗೆ ಪ್ರಮಾಣಪತ್ರ ಬೇಕಂತೆ. ಬರುವ ಸೋಮವಾರದಿಂದ ಸಭಾಂಗಣದಲ್ಲಿ ಎರಡು ತಾಸು ಪರದೆಯ ಮೇಲೆ ತೋರಿಸಿ, ಎಲ್ಲರಿಗೂ ಕಾಗದ ಕೊಡುತ್ತಾರಂತೆ. ಈ ಬುದ್ಧಿ ಯಾವ ಪುಣ್ಯಾತ್ಮನದೋ! ಕುರ್ಚಿಯ ಮೇಲೆ ಕುಳಿತವನಿಗೆ ಗುಂಡು ಎಳೆಯಲು ಬರುತ್ತದೆ. ಮೂಗು ಬಾಯಿಗೆ ನೀರು ನುಗ್ಗುವಾಗ ಎಳೆಯಲು ಬರಬೇಕು. ಮಳೆಗೆ ಇನ್ನು ಮೂರೇ ವಾರ. ಈ ಹನ್ನೆರಡು ಜನರಲ್ಲಿ ಐವರು ಜೋರು ಸೆಳವಿನಲ್ಲಿ ಒಮ್ಮೆಯೂ ಗುಂಡು ಎಳೆದಿಲ್ಲ.

ಮೈದುನ ಮೂರು ಸಲ ಕಚೇರಿಗೆ ಹೋಗಿ ಬಂದ. "ಆಯಮ್ಮ ಏನು ಓದಿದ್ದಾರೆ ಅಂತ ಕೇಳಿದ್ರು ಅತ್ತಿಗೆ."

"ಏನಂದೆ?"

"ಏನನ್ನಲಿ. ಸುಮ್ನೆ ಬಂದೆ."

"ಒಳ್ಳೇದು ಮಾಡ್ದೆ ಬಿಡು. ಓದಿದ್ದೇನು ಅಂದ್ರೆ ನಿಮ್ಮಣ್ಣನ ಸಾವನ್ನೇ ಹೇಳಬೇಕು."

ಆಕೆಯ ಎಣಿಕೆ ನೇರ. ಸೋಮವಾರದೊಳಗೆ ಉಳಿದದ್ದು ನಾಲ್ಕು ಬೆಳಗು, ಜೋರು ಸೆಳವಿಗೆ ಇಳಿಯಬೇಕಾದವರು ಐದು ಜನ. ನಾಳೆ ಇಬ್ಬರನ್ನು ಇಳಿಸುತ್ತಾಳೆ. ಸೋಮವಾರದ ಮೇಲೂ ಹೊಳೆಯಲ್ಲಿ ಕಲಿಸುವಾಗ ಯಾರಾದರೂ ತಡೆಯಲು ಬಂದರೆ? ಒದ್ದೆ ಜಾಕೆಟ್ಟುಗಳನ್ನು ಹಿಂಡಿ ಹಗ್ಗಕ್ಕೆ ಹರವುತ್ತ ಹೇಳುತ್ತಾಳೆ:

"ಬರ್ಲಿ. ಸಾಹೇಬ್ರು ಒಂದ್ಸಲ ಮೊಣಕಾಲು ಮಟ್ಟ ನೀರಲ್ಲಿ ಐದು ನಿಮಿಷ ನಿಂತ್ರೆ ಸಾಕು, ಬೇರೇನೂ ಕೇಳಲ್ಲ. ಕಾಲು ಜಾರಿದ್ರೆ ಹಿಡಿಯೋಕೆ ಕೆಳಗಡೆ ನಾನೇ ನಿಂತಿರ್ತೀನಿ."